ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಗು ಕುದುರೆ ಹತ್ತಬಹುದಾ?

ಈ ವಾರದ ವಿಷಯ ನಾನು ಹುಡುಕಿದ್ದಲ್ಲ, ಕೇಳುಗರೊಬ್ಬರು ಕೊಟ್ಟಿದ್ದು. ಯಲಹಂಕದ ಕಡೆಯ ಒಬ್ಬ ತಾಯಿ ಮೂರು ನಿಮಿಷದ ವಾಯ್ಸ್ ನೋಟ್ ಕಳಿಸಿದ್ರು. ಮಗಳಿಗೆ 12 ವರ್ಷ. ಒಂದು ವರ್ಷದಿಂದ ಶನಿವಾರ, ಭಾನುವಾರ ಕುದುರೆ ಸವಾರಿ ಕಲೀತಿದ್ದಾಳೆ. ಹೋದ ತಿಂಗಳು ಹಲ್ಲಿಗೆ ಕ್ಲಿಪ್ ಹಾಕ್ಸಿದ್ದಾರೆ. ಹಲ್ಲಿನ ಡಾಕ್ಟರು "ಸ್ವಲ್ಪ ಹುಷಾರಾಗಿರ್ಲಿ" ಅಂದ್ರಂತೆ. ಸವಾರಿ ಹೇಳಿಕೊಡೋರು "ಹೆಲ್ಮೆಟ್ ಇದ್ಯಲ್ಲ ಮೇಡಂ, ಏನೂ ಆಗಲ್ಲ" ಅಂದ್ರಂತೆ. ಮನೆಯಲ್ಲಿ ಅಜ್ಜಿ ಮಾತ್ರ ಖಡಾಖಂಡಿತ: ಕ್ಲಿಪ್ ತೆಗೆಯೋವರೆಗೂ ಕುದುರೆ ಬೇಡವೇ ಬೇಡ.

ಕ್ಲಿಪ್ ತೆಗೆಯೋಕೆ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತೆ. ಆ ತಾಯಿ ಕೊನೆಗೆ ಹೇಳಿದ್ದು ಇಷ್ಟು: "ಈಗ ನಿಲ್ಸಿದ್ರೆ ಅವಳು ವಾಪಸ್ ಹೋಗಲ್ಲ. ಅವಳು ತಾನಾಗಿ ಇಷ್ಟಪಟ್ಟು ಮಾಡ್ತಿರೋದು ಅದೊಂದೇ."

ನಾನು ಓದಿರೋದು ಬಿ.ಕಾಂ. ಹಲ್ಲಿನ ಬಗ್ಗೆ ನನಗಿರೋ ಅಧಿಕಾರ ಇಷ್ಟೇ, ನಮ್ಮಕ್ಕನ ಮಗನಿಗೂ ಕ್ಲಿಪ್ ಇದೆ, ಅವನು ಹಾಕಿ ಆಡ್ತಾನೆ. ಹಾಗಾಗಿ ಒಬ್ಬ ಆರ್ಥೊಡಾಂಟಿಸ್ಟ್ ಜೊತೆ, ಮಕ್ಕಳಿಗೆ ಸವಾರಿ ಕಲಿಸೋ ಒಬ್ಬ ತರಬೇತುದಾರರ ಜೊತೆ ಬೇರೆ ಬೇರೆಯಾಗಿ ಕೂತು ಮಾತಾಡಿದೆ. ಇಬ್ಬರೂ ತಮ್ಮ ತಮ್ಮ ಭಾಗ ಚೆನ್ನಾಗಿ ಬಲ್ಲವರು. ಆದ್ರೆ ಡಾಕ್ಟರು ಕುದುರೆ ಹತ್ತಿಲ್ಲ, ತರಬೇತುದಾರರು ಬ್ರಾಕೆಟ್ ಹತ್ತಿರದಿಂದ ನೋಡಿಲ್ಲ. ಈ ಎರಡರ ನಡುವಿನ ಜಾಗದಲ್ಲೇ ಇವತ್ತಿನ ಪ್ರಶ್ನೆ ಇರೋದು.

ಇದು ಶ್ರೀಮಂತರ ಮನೆ ಸಮಸ್ಯೆ ಅಂತ ಕೆಲವರಿಗೆ ಅನ್ನಿಸಬಹುದು. ಊಟಿ ಕೆರೆ ಪಕ್ಕ ಹತ್ತು ನಿಮಿಷ ಕುದುರೆ ಮೇಲೆ ಕೂತು ಫೋಟೊ ತೆಗೆಸ್ಕೊಳ್ಳೋದೇ ನಮ್ಮಲ್ಲಿ ಬಹಳ ಜನರ ಸವಾರಿ. ಆದ್ರೆ ಬೆಂಗಳೂರಿಗೂ ಈ ಕ್ರೀಡೆಗೂ ನಿಜವಾದ ನಂಟಿದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್‌ನ ವೈಯಕ್ತಿಕ ಬೆಳ್ಳಿ ಗೆದ್ದ ಫವಾದ್ ಮಿರ್ಜಾ ನಮ್ಮ ಬೆಂಗಳೂರಿನವರು. ಟೋಕಿಯೊ ಒಲಿಂಪಿಕ್ಸ್‌ಗೂ ಹೋದ್ರು. 2000ದ ಸಿಡ್ನಿ ಒಲಿಂಪಿಕ್ಸ್ ಆದ್ಮೇಲೆ ಕುದುರೆ ಸವಾರಿಯಲ್ಲಿ ಭಾರತದಿಂದ ಹೋದವರು ಅವರೇ ಮೊದಲು. ನಗರದ ಉತ್ತರಕ್ಕೆ, ಹೊರವಲಯದಲ್ಲಿ ವಾರಾಂತ್ಯದ ಸವಾರಿ ಕ್ಲಾಸ್‌ಗಳಿಗೆ ಹೋಗೋ ಮಕ್ಕಳು ಇದ್ದಾರೆ. ಅವರ ವಯಸ್ಸು ಹೆಚ್ಚುಕಡಿಮೆ ಹತ್ತರಿಂದ ಹದಿನೈದು. ಕ್ಲಿಪ್ ಹಾಕೋ ವಯಸ್ಸೂ ಅದೇ.

ಮೊದಲು ಹೆಲ್ಮೆಟ್ ಮಾತು. ಸವಾರಿ ಹೆಲ್ಮೆಟ್ ತಲೆಬುರುಡೆಗೆ, ಮಿದುಳಿಗೆ. ಅದು ಇಲ್ದೆ ಹತ್ತಲೇಬಾರದು. ಸೈಕಲ್ ಹೆಲ್ಮೆಟ್ಟೂ ಆಗಲ್ಲ, ಕುದುರೆ ಸವಾರಿಗೆ ಅಂತಲೇ ಪರೀಕ್ಷೆ ಆದದ್ದು ಬೇಕು. ಒಳಗಿನ ಲೇಬಲ್‌ನಲ್ಲಿ ಎಎಸ್‌ಟಿಎಂ ಎಫ್ 1163 ಅಂತಲೋ ಪಿಎಎಸ್ 015 ಅಂತಲೋ ಇರುತ್ತೆ, ನೋಡ್ಕೊಳ್ಳಿ. ಆದ್ರೆ ಆ ಹೆಲ್ಮೆಟ್ ಹಣೆಗೇ ಮುಗಿಯುತ್ತೆ. ಬೈಕಿನ ಫುಲ್ ಫೇಸ್ ಹೆಲ್ಮೆಟ್ ಥರ ಗಲ್ಲದ ಮುಂದೆ ಏನೂ ಇರಲ್ಲ. ಮೂಗಿನಿಂದ ಗಲ್ಲದವರೆಗೆ ಮುಖ ಪೂರ್ತಿ ಬಯಲು. ಗಲ್ಲದ ಕೆಳಗಿನ ಪಟ್ಟಿ ಹೆಲ್ಮೆಟ್ ಜಾರದ ಹಾಗೆ ಹಿಡ್ಕೊಳ್ಳುತ್ತೆ ಹೊರತು ಹಲ್ಲನ್ನಲ್ಲ. "ಹೆಲ್ಮೆಟ್ ಇದ್ಯಲ್ಲ" ಅನ್ನೋ ಮಾತು ತಲೆಗೆ ಸರಿ, ಬಾಯಿಗೆ ಅಲ್ಲ.

ಬಾಯಿಗೆ ಏಟು ಬೀಳೋದು ಹೇಗೆ ಅಂತ ತರಬೇತುದಾರರನ್ನ ಕೇಳಿದೆ. ನಾನು ಅಂದ್ಕೊಂಡಿದ್ದು ಬೀಳೋದು ಅಂತ ಮಾತ್ರ. ಅವರು ಮೊದಲು ಹೇಳಿದ್ದು ಕುದುರೆಯ ಕುತ್ತಿಗೆ. ನೊಣ ಕೂತ್ರೂ ಸಾಕು, ಬಾಯಲ್ಲಿರೋ ಕಡಿವಾಣ ಹಿಡಿಸದಿದ್ರೂ ಸಾಕು, ಕುದುರೆ ಥಟ್ಟನೆ ತಲೆ ಮೇಲಕ್ಕೆ ಒದರುತ್ತೆ. ಅದೇ ಹೊತ್ತಿಗೆ ಮಗು ಮುಂದೆ ಬಾಗಿದ್ರೆ, ಅಂದ್ರೆ ಲಗಾಮು ಸರಿಮಾಡ್ಕೊಳ್ಳೋಕೋ, ಕುತ್ತಿಗೆ ತಟ್ಟೋಕೋ, ಚಿಕ್ಕ ಅಡ್ಡಗಂಬ ಹಾರೋಕೋ ಬಾಗಿದ್ರೆ, ಕುದುರೆಯ ನೆತ್ತಿ ನೇರ ಮಗುವಿನ ಬಾಯಿಗೆ. ನಾಲ್ಕೈನೂರು ಕಿಲೋ ತೂಗೋ ಪ್ರಾಣಿಯ ಕುತ್ತಿಗೆಯ ಬಲ ಅದು. ಮಗು ಜೀನಿನ ಮೇಲೇ ಇರುತ್ತೆ, ಬಿದ್ದೇ ಇರಲ್ಲ, ಬಾಯಲ್ಲಿ ಮಾತ್ರ ರಕ್ತ.

ಎರಡನೇದು ನೆಲದ ಮೇಲೆ. ಮೈ ಉಜ್ಜೋವಾಗ, ಲಗಾಮು ತೊಡಿಸೋವಾಗ, ಗೊರಸು ಎತ್ತಿ ಕೆರೆಯೋವಾಗ ಕುದುರೆ ಪಕ್ಕಕ್ಕೆ ತಲೆ ಬೀಸುತ್ತೆ. ಆ ಹೊತ್ತಲ್ಲಿ ಮಕ್ಕಳು ಹೆಲ್ಮೆಟ್ಟನ್ನೂ ತೆಗೆದಿರ್ತಾರೆ, "ಇಳಿದಾಯ್ತಲ್ಲ" ಅಂತ. ಲಾಯದೊಳಗೂ ಹೆಲ್ಮೆಟ್ ಇರಲಿ, ಮೂತಿಯ ನೇರ ಎದುರಿಗೆ ನಿಲ್ಲೋ ಬದಲು ಭುಜದ ಪಕ್ಕ ನಿಲ್ಲಲಿ. ಕುದುರೆ ಗೊತ್ತಿರೋರಿಗೆ ಇದು ಮಾಮೂಲಿ ಪಾಠ. ಕ್ಲಿಪ್ ಇರೋ ಮಗುವಿಗೆ ಇದನ್ನ ಎರಡು ಸಲ ಹೇಳಬೇಕು.

ಮೂರನೇದು ಬೀಳೋದು. ಕುದುರೆ ಗಕ್ಕನೆ ನಿಂತುಬಿಟ್ರೆ ಮಗು ಕುತ್ತಿಗೆ ಮೇಲಿಂದ ಮುಂದಕ್ಕೆ ಜಾರುತ್ತೆ. ಏಳೆಂಟು ಅಡಿ ಎತ್ತರದಿಂದ ಮುಖ ಮೊದಲು. ಇದರ ಜೊತೆಗೆ ಪ್ರತಿ ಕ್ಲಾಸಲ್ಲೂ ಆಗೋ ಸಣ್ಣ ಸಂಗತಿ ಒಂದಿದೆ. ಟ್ರಾಟ್ ಕಲಿಯೋವಾಗ ಮೈ ಕುಲುಕಿ ಕುಲುಕಿ ಹಲ್ಲಿಗೆ ಹಲ್ಲು ತಾಗುತ್ತೆ, ನಾಲಿಗೆ, ಕೆನ್ನೆಯ ಒಳಭಾಗ ನಡುವೆ ಸಿಗುತ್ತೆ. ಚೂಯಿಂಗ್ ಗಮ್ ಬಾಯಲ್ಲಿಟ್ಕೊಂಡು ಕುದುರೆ ಹತ್ತೋದು ಅದಕ್ಕೇ ಬೇಡ. ಕ್ಲಿಪ್ ಇರೋರಿಗೆ ಗಮ್ ಹೇಗಿದ್ರೂ ನಿಷೇಧ ಬಿಡಿ.

ಈಗ ಕ್ಲಿಪ್ ಬಂದು ಇದರಲ್ಲಿ ಏನು ಬದಲಾಯಿಸುತ್ತೆ? ನಾವು ಕ್ಲಿಪ್ ಅಂತ ಕರೆಯೋದರಲ್ಲಿ ಪ್ರತಿ ಹಲ್ಲಿನ ಮುಂಭಾಗಕ್ಕೆ ಅಂಟಿಸಿದ ಚಿಕ್ಕ ಲೋಹದ ಬ್ರಾಕೆಟ್ ಇರುತ್ತೆ, ಎಲ್ಲದರ ಮೂಲಕ ಹಾದುಹೋಗೋ ಒಂದು ತಂತಿ ಇರುತ್ತೆ. ಹಿಂದಿನ ದವಡೆಹಲ್ಲಿಗೆ ಕೆಲವೊಮ್ಮೆ ಉಂಗುರದ ಥರದ ಪಟ್ಟಿ. ಬರೀ ಹಲ್ಲಿದ್ದಾಗ ತುಟಿಗೆ ಏಟು ಬಿದ್ರೆ ತುಟಿ ಒಂದು ನುಣುಪಾದ ಗೋಡೆಗೆ ಒತ್ತುತ್ತೆ. ಕ್ಲಿಪ್ ಇದ್ದಾಗ ಆ ಗೋಡೆಯಲ್ಲಿ ಮೊಳೆ ಹೊಡೆದ ಹಾಗೆ. ಒಳತುಟಿ ಹರಿಯುತ್ತೆ, ಕೆಲವೊಮ್ಮೆ ಬ್ರಾಕೆಟ್ಟಿಗೇ ಸಿಕ್ಕಿಹಾಕಿಕೊಳ್ಳುತ್ತೆ. ಇದರಿಂದ ಪ್ರಾಣಾಪಾಯ ಇಲ್ಲ, ಆದ್ರೆ ಮಗು ಹೆದರುತ್ತೆ.

ಇನ್ನೊಂದು ಕಣ್ಣಿಗೆ ಕಾಣದ್ದು. ಹಲ್ಲು ಮೂಳೆಯಲ್ಲಿ ಸಿಮೆಂಟ್ ಹಾಕಿ ಕೂರಿಸಿದ್ದಲ್ಲ, ನಡುವೆ ನಾರಿನಂಥ ಒಂದು ತೆಳು ಪೊರೆ ಇದೆ. ಕ್ಲಿಪ್‌ನ ಒತ್ತಡಕ್ಕೆ ಹಲ್ಲಿನ ಒಂದು ಬದಿಯ ಮೂಳೆ ಕರಗಿ ಇನ್ನೊಂದು ಬದಿ ಬೆಳೆಯುತ್ತೆ, ಹಾಗೇ ಹಲ್ಲು ಜರುಗೋದು. ಅಂದ್ರೆ ಚಿಕಿತ್ಸೆ ನಡೆಯೋ ಅಷ್ಟೂ ಕಾಲ ಹಲ್ಲು ಸ್ವಲ್ಪ ಸಡಿಲವೇ. ಬಿಗಿ ಮಾಡಿಸಿದ ಮರುದಿನ ಚಪಾತಿ ಅಗಿಯೋಕೂ ನೋವು ಅಂತ ಮಕ್ಕಳು ಹೇಳೋದು ಇದಕ್ಕೇ.

ಕ್ಲಿಪ್ ಹಾಕಿಸೋ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಮೇಲಿನ ಹಲ್ಲು ಮುಂದೆ ಇರುತ್ತೆ, ನಾವು ಉಬ್ಬುಹಲ್ಲು ಅಂತೀವಲ್ಲ, ಅದು. ಮೇಲಿನ ಹಲ್ಲು ಕೆಳಗಿನದಕ್ಕಿಂತ 3 ಮಿಲಿಮೀಟರ್‌ಗಿಂತ ಹೆಚ್ಚು ಮುಂದಿದ್ರೆ ಮುಂಬಾಯಿಯ ಹಲ್ಲಿಗೆ ಪೆಟ್ಟಾಗೋ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ. ಹಾಗಾಗಿ ಅಜ್ಜಿಯ ಭಯಕ್ಕೆ ಆಧಾರ ಇದೆ. ಆದ್ರೆ ಆ ಅಪಾಯ ಕ್ಲಿಪ್‌ಗಿಂತ ಮುಂಚೆಯೂ ಇತ್ತು ಅನ್ನೋದೂ ಅಷ್ಟೇ ನಿಜ. ಕ್ಲಿಪ್ ಬಂದ ಮೇಲೆ ಎಲ್ಲರೂ ಬಾಯಿ ಕಡೆ ನೋಡ್ತಿದ್ದಾರೆ, ಅಷ್ಟೇ.

ಪರಿಹಾರ ಮೌತ್‌ಗಾರ್ಡ್. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಮೌತ್‌ಗಾರ್ಡ್ ಹಾಕಿ ಅಂತ ಹೇಳೋ ಆಟಗಳ ಪಟ್ಟಿಯಲ್ಲಿ ಬಾಕ್ಸಿಂಗ್, ಹಾಕಿ ಜೊತೆ ಕುದುರೆ ಸವಾರಿಯೂ ಇದೆ. ನಮ್ಮಲ್ಲಿ ಬಾಕ್ಸಿಂಗ್‌ನವರನ್ನ ಬಿಟ್ರೆ ಇದರ ಅಭ್ಯಾಸ ಕಡಿಮೆ. ಮತ್ತೆ ಇಲ್ಲಿ ಒಂದು ಗುಂಡಿ ಇದೆ, ದಯವಿಟ್ಟು ಗಮನ ಕೊಡಿ.

ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಬಿಸಿನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ ಅಚ್ಚು ಮಾಡ್ಕೊಳ್ಳೋ ಥರದ್ದು. ಕ್ಲಿಪ್ ಇಲ್ಲದವರಿಗೆ ಅದು ಪರವಾಗಿಲ್ಲ. ಕ್ಲಿಪ್ ಇರೋ ಮಗು ಅದನ್ನ ಕಚ್ಚಿದ್ರೆ ಮೆತ್ತಗಿನ ಪ್ಲಾಸ್ಟಿಕ್ ಬ್ರಾಕೆಟ್‌ಗಳ ಸುತ್ತ, ತಂತಿಯ ಅಡಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತೆ. ತೆಗೆಯೋವಾಗ ಬ್ರಾಕೆಟ್ ಕಿತ್ಕೊಂಡು ಬರಬಹುದು. ಕಿತ್ಕೊಂಡು ಬರದಿದ್ರೂ, ಇವತ್ತಿನ ಹಲ್ಲಿನ ಆಕಾರಕ್ಕೆ ಅಚ್ಚಾದ ಗಾರ್ಡ್ ಇನ್ನು ಎರಡು ತಿಂಗಳಿಗೆ ಹೊಂದಲ್ಲ, ಯಾಕಂದ್ರೆ ಹಲ್ಲು ಜರುಗಿರುತ್ತೆ. ಬಲವಂತವಾಗಿ ಹಾಕಿದ್ರೆ ಡಾಕ್ಟರು ಒಂದು ಕಡೆ ತಳ್ತಿರೋ ಹಲ್ಲನ್ನ ಗಾರ್ಡ್ ಇನ್ನೊಂದು ಕಡೆ ಎಳೆಯುತ್ತೆ.

ಕೇಳಬೇಕಾದ್ದು "ಬ್ರೇಸಸ್‌ಗೆ ಆಗೋ ಮೌತ್‌ಗಾರ್ಡ್" ಅಂತಲೇ. ಅದು ಸಿಲಿಕೋನಿನದ್ದು, ಕುದಿಸೋ ಕೆಲಸ ಇಲ್ಲ, ಒಳಗೆ ಬ್ರಾಕೆಟ್ ಕೂರೋಕೆ ಅಗಲವಾದ ಕಾಲುವೆ ಇರುತ್ತೆ. ಹಲ್ಲು ಜರುಗಿದ್ರೂ ಅದೇ ನಡೆಯುತ್ತೆ. ಕಡಿಮೆ ಬೆಲೆ ಬೇರೆ. ಕೊರತೆ ಅಂದ್ರೆ ಅಷ್ಟು ಬಿಗಿಯಾಗಿ ಹಿಡ್ಕೊಳ್ಳಲ್ಲ. ಇನ್ನೊಂದು ದಾರಿ ಡಾಕ್ಟರೇ ಅಳತೆ ತಗೊಂಡು ಮಾಡಿಸಿಕೊಡೋದು. ಹಲ್ಲಿನ ಅಚ್ಚಿನ ಮೇಲೆ ಬ್ರಾಕೆಟ್ ಇರೋ ಕಡೆ ಮೇಣವೋ ಪ್ಲಾಸ್ಟರೋ ತುಂಬಿ, ಹಲ್ಲು ಸರಿಯೋ ಕಡೆ ಜಾಗ ಬಿಟ್ಟು, ಅದರ ಮೇಲೆ ಹಾಳೆ ಒತ್ತಿ ಮಾಡ್ತಾರೆ. ಅಚ್ಚುಕಟ್ಟಾಗಿ ಕೂರುತ್ತೆ, ಮಾತಾಡೋಕೂ ಸುಲಭ. ಆದ್ರೆ ಜಾಗ ಬಿಟ್ಟಿದ್ರೂ ಚಿಕಿತ್ಸೆಯ ನಡುವೆ ಮತ್ತೆ ಮಾಡಿಸಬೇಕಾಗಿ ಬರಬಹುದು.

ಇಲ್ಲಿ ನನ್ನ ಕಾಮರ್ಸ್ ಬುದ್ಧಿ ಸ್ವಲ್ಪ ಓಡುತ್ತೆ. ನಮ್ಮ ಮನೆಯಲ್ಲಿ ಹುಡುಗನ ಕ್ಲಿಪ್‌ಗೆ 45 ಸಾವಿರ ಆಯ್ತು, ಸಿಲಿಕೋನ್ ಗಾರ್ಡ್‌ಗೆ 900 ರೂಪಾಯಿ. ಒಂದು ಬ್ರಾಕೆಟ್ ಬಿದ್ರೆ ಮತ್ತೆ ಅಂಟಿಸೋ ಖರ್ಚು, ಅಕ್ಕನಿಗೆ ಅರ್ಧ ದಿನ ರಜೆ, ಚಿಕಿತ್ಸೆ ಇನ್ನೊಂದಿಷ್ಟು ವಾರ ಮುಂದಕ್ಕೆ. ಚಿಕಿತ್ಸೆಯ ಮೊದಲ ವರ್ಷ, ಹಲ್ಲು ಜಾಸ್ತಿ ಓಡಾಡೋ ಕಾಲದಲ್ಲಿ, ಸಿಲಿಕೋನಿನದ್ದೇ ಸಾಕು ಅನ್ನೋದು ನನ್ನ ಲೆಕ್ಕ. ಮಗು ಹಾರೋ ಹಂತಕ್ಕೆ, ಸ್ಪರ್ಧೆಗೆ ಹೋಗೋ ಹಂತಕ್ಕೆ ಬಂದ್ರೆ ಡಾಕ್ಟರ ಹತ್ರ ಮಾಡಿಸೋದು ದುಂದುವೆಚ್ಚ ಅಲ್ಲ. ಮೇಲೆ ಕೆಳಗೆ ಎರಡೂ ಕಡೆ ಕ್ಲಿಪ್ ಇದ್ರೆ ಎರಡನ್ನೂ ಮುಚ್ಚೋದು ಬೇಕಾ ಅನ್ನೋದನ್ನ ಡಾಕ್ಟರೇ ಹೇಳಲಿ.

ವಿಮೆ ಬಗ್ಗೆಯೂ ಒಂದು ಮಾತು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆ ಬರೋದು ಹೆಚ್ಚಾಗಿ ಅಪಘಾತ ಆಗಿ ಆಸ್ಪತ್ರೆ ಸೇರಿದಾಗ ಮಾತ್ರ, ಕ್ಲಿನಿಕ್ ಕುರ್ಚಿಯಲ್ಲಿ ಕೂತು ಬ್ರಾಕೆಟ್ ಅಂಟಿಸಿದ್ದಕ್ಕೆ ಅಲ್ಲ. ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ ಸಾಹಸ ಕ್ರೀಡೆಗಳ ಸಾಲಿನಲ್ಲಿ ಕುದುರೆ ರೇಸ್ ಅಂತ ನೋಡಿ ಕೆಲವರು ಗಾಬರಿ ಆಗ್ತಾರೆ. ಆ ಷರತ್ತು ಇರೋದು ವೃತ್ತಿಪರವಾಗಿ ಭಾಗವಹಿಸೋರಿಗೆ, ಭಾನುವಾರದ ಕ್ಲಾಸ್‌ನ ಮಕ್ಕಳಿಗಲ್ಲ. ಆದ್ರೂ ನಿಮ್ಮ ಪಾಲಿಸಿ ತೆಗೆದು ಓದಿ.

ಮೌತ್‌ಗಾರ್ಡ್ ಪ್ಯಾಕೆಟ್ ಮೇಲೆ ತಲೆಯ ಪೆಟ್ಟನ್ನೂ ತಡೆಯುತ್ತೆ ಅಂತ ಬರೆದಿದ್ರೆ ಅದರ ಮೇಲೆ ದುಡ್ಡು ಹಾಕಬೇಡಿ. ಗಾರ್ಡ್‌ನ ಕೆಲಸ ಹಲ್ಲು, ತುಟಿ, ನಾಲಿಗೆ ಕಾಯೋದು.

ಮಕ್ಕಳು ಹಾಕ್ತಾರಾ? ಮೊದಲ ದಿನ ಹಾಕಲ್ಲ. ನಮ್ಮ ಹುಡುಗ "ಬಾಯಲ್ಲಿ ಚಪ್ಪಲಿ ಇಟ್ಕೊಂಡ ಹಾಗಿದೆ" ಅಂದ. ಜೊಲ್ಲು ಸುರಿಯುತ್ತೆ, ಮಾತು ತೊದಲುತ್ತೆ, ಒಂದೆರಡು ಸಲ ಓಕರಿಕೆ ಬರುತ್ತೆ. ಮನೆಯಲ್ಲಿ ಟಿವಿ ನೋಡ್ತಾ ಹತ್ತತ್ತು ನಿಮಿಷ ಹಾಕಿಸಿ ಅಭ್ಯಾಸ ಮಾಡಿಸಿದ್ವಿ, ಒಂದು ವಾರಕ್ಕೆ ಸರಿಹೋಯ್ತು. ಕುದುರೆ ಮೇಲೆ ಇನ್ನೊಂದು ತೊಡಕು: ಕುದುರೆಗೆ ನಾಲಿಗೆಯಿಂದ ಕ್ಲಿಕ್ ಅನ್ನಿಸಬೇಕು, ಭಯ ಆದ್ರೆ ಗುರುಗಳಿಗೆ ಕೂಗಿ ಹೇಳಬೇಕು. ಗಾರ್ಡ್ ಹಾಕಿ ಮಾತಾಡೋದನ್ನ ಮನೆಯಲ್ಲೇ ಅಭ್ಯಾಸ ಮಾಡಿಸಿ. ಜೊತೆಗೆ ಕೈ ಎತ್ತಿದ್ರೆ "ನಿಲ್ಸಿ" ಅನ್ನೋ ಸನ್ನೆ ಗುರುಗಳ ಜೊತೆ ಮೊದಲೇ ಮಾತಾಡ್ಕೊಳ್ಳಿ. ಬಾಯಿ ತೆರೆದ್ರೆ ಬಿದ್ದುಹೋಗೋ ಗಾರ್ಡ್, ಕಚ್ಚಿಹಿಡಿದ್ರೆ ಮಾತ್ರ ನಿಲ್ಲೋ ಗಾರ್ಡ್ ಬೇಡ. ಗಂಟಲಿಗೆ ಜಾರಿದ್ರೆ ಅದೇ ಅಪಾಯ.

ಬಾಯಿಂದ ತೆಗೆದಿಡಬೇಕಾದ್ದೂ ಇವೆ. ತೆಗೆದು ಹಾಕೋ ಥರದ ಪ್ಲೇಟು, ಪಾರದರ್ಶಕ ಅಲೈನರ್ ಇದ್ರೆ ತೆಗೆದು ಡಬ್ಬಿಯಲ್ಲಿಟ್ಟು ಗಾರ್ಡ್ ಹಾಕಬೇಕು. ತಲೆ ಹಿಂದಿನಿಂದ ಪಟ್ಟಿ ಬಂದು ಬಾಯಿಗೆ ತಂತಿ ಸೇರೋ ಹೆಡ್‌ಗಿಯರ್ ಇದ್ರೆ ಲಾಯದ ಗೇಟಿನೊಳಗೂ ಅದು ಬೇಡ, ಅದರ ತಂತಿ ಚಿಮ್ಮಿ ಕಣ್ಣಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮೇಲಿನ ಕೆಳಗಿನ ಹಲ್ಲಿಗೆ ಸೇರಿಸಿ ಹಾಕೋ ಪುಟ್ಟ ರಬ್ಬರ್‌ಗಳ ಬಗ್ಗೆ ಡಾಕ್ಟರನ್ನ ಕೇಳಿ. ಮತ್ತೆ, ಕೈ ಖಾಲಿ ಇಲ್ಲ ಅಂತ ಗ್ಲೌಸೋ ಲಗಾಮಿನ ತುದಿಯೋ ಹಲ್ಲಲ್ಲಿ ಕಚ್ಚಿ ಹಿಡ್ಕೊಳ್ಳೋ ಅಭ್ಯಾಸ ಕಂಡ್ರೆ ಅಲ್ಲೇ ಬಿಡಿಸಿ.

ಇನ್ನು, ಆಗಬಾರದ್ದು ಆದ್ರೆ. ಕುದುರೆಯಿಂದ ಬಿದ್ದ ಮಗುವಿನ ಬಾಯಲ್ಲಿ ರಕ್ತ ಕಂಡ ತಕ್ಷಣ ಎಲ್ಲರ ಕಣ್ಣು ಹಲ್ಲಿಗೆ ಹೋಗುತ್ತೆ. ಮೊದಲು ನೋಡಬೇಕಾದ್ದು ತಲೆ, ಕುತ್ತಿಗೆ. ಪ್ರಜ್ಞೆ ತಪ್ಪಿತ್ತಾ, ಗಲಿಬಿಲಿ ಇದ್ಯಾ, ವಾಂತಿ ಬರ್ತಿದ್ಯಾ, ಕುತ್ತಿಗೆ ನೋವಾ? ಇದ್ರೆ ಆಸ್ಪತ್ರೆ ಮೊದಲು, ಹಲ್ಲು ಆಮೇಲೆ. ಕುತ್ತಿಗೆ ನೋವು ಅಂದ್ರೆ ಎಬ್ಬಿಸಿ ಕೂರಿಸೋಕೆ ಹೋಗಬೇಡಿ. "ಭಯ ಹೋಗ್ಲಿ" ಅಂತ ತಕ್ಷಣ ಮತ್ತೆ ಕುದುರೆ ಹತ್ತಿಸೋ ಹಳೇ ಪದ್ಧತಿ ನನಗಂತೂ ಒಪ್ಪಿಗೆ ಇಲ್ಲ. ಬಿದ್ದಾಗ ಏಟು ತಿಂದ ಹೆಲ್ಮೆಟ್ಟೂ ಬದಲಾಗಬೇಕು.

ತುಟಿ ಬ್ರಾಕೆಟ್ಟಿಗೆ ಸಿಕ್ಕಿದ್ರೆ ಎಳೀಬೇಡಿ, ತುಟಿಯನ್ನ ಮೆಲ್ಲಗೆ ಹಲ್ಲಿನ ಕಡೆಗೆ ಒತ್ತಿ ಬಿಡಿಸಿ. ಬರದಿದ್ರೆ ಹಾಗೇ ಡಾಕ್ಟರ ಹತ್ರ. ತಂತಿ ಚುಚ್ತಿದ್ರೆ ಕ್ಲಿಪ್ ಜೊತೆ ಕೊಟ್ಟಿರೋ ಮೇಣ ಬಟಾಣಿ ಗಾತ್ರ ಉಂಡೆ ಮಾಡಿ ತುದಿಗೆ ಅಂಟಿಸಿ. ಬ್ರಾಕೆಟ್ ಮಾತ್ರ ಬಿದ್ದಿದ್ರೆ ಅದು ತುರ್ತಲ್ಲ, ಮರುದಿನ ಫೋನ್ ಮಾಡಿದ್ರಾಯ್ತು. ಬಿದ್ದ ಚೂರು ಎಲ್ಲಿದೆ ಅಂತ ಮಾತ್ರ ಹುಡುಕಿ, ಕೆಮ್ಮು, ಉಸಿರಾಟದ ತೊಂದರೆ ಇದ್ರೆ ಆಸ್ಪತ್ರೆಗೆ.

ಹಲ್ಲು ಜಾಗ ಬಿಟ್ಟಿದ್ರೆ, ಅಥವಾ ಪೂರ್ತಿ ಹೊರಬಂದಿದ್ರೆ, ಆಗ ನಿಮಿಷಗಳ ಲೆಕ್ಕ. ಕ್ಲಿಪ್ ಇರೋರಲ್ಲಿ ಕೆಲವೊಮ್ಮೆ ಹಲ್ಲು ಕೆಳಗೆ ಬೀಳದೆ ತಂತಿಗೇ ನೇತಾಡುತ್ತೆ, ಅದನ್ನ ತಂತಿಯಿಂದ ಕೀಳಬೇಡಿ. ಕೆಳಗೆ ಬಿದ್ದಿದ್ರೆ ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಲಾಯದ ನೆಲ ಅಂದ್ರೆ ಮಣ್ಣು, ಲದ್ದಿ ಎಲ್ಲ ಇರುತ್ತೆ. ಕೆಲವೇ ಸೆಕೆಂಡು ಹಾಲಲ್ಲಿ ಅಥವಾ ತಣ್ಣೀರಲ್ಲಿ ಜಾಲಿಸಿ. ಅದು ಶಾಶ್ವತ ಹಲ್ಲಾಗಿದ್ದು ಮಗುವಿಗೆ ಪೂರ್ತಿ ಎಚ್ಚರ ಇದ್ರೆ ಅದೇ ಜಾಗಕ್ಕೆ ಮೆಲ್ಲಗೆ ಕೂರಿಸಿ, ಕರ್ಚೀಫ್ ಕಚ್ಚಿಸಿ ಹೊರಡಿ. ಹಾಲುಹಲ್ಲನ್ನ ಮಾತ್ರ ವಾಪಸ್ ಕೂರಿಸಬಾರದು, ಕೆಳಗೆ ಬರ್ತಿರೋ ಹಲ್ಲಿಗೆ ತೊಂದರೆ. ಕೂರಿಸೋಕೆ ಧೈರ್ಯ ಬರದಿದ್ರೆ ಹಾಲಲ್ಲಿ ಹಾಕಿ. ನೀರಲ್ಲಿ ನೆನೆಹಾಕಬೇಡಿ, ಟಿಶ್ಯೂದಲ್ಲಿ ಸುತ್ತಬೇಡಿ. ಬೇರಿನ ಮೇಲಿನ ಜೀವಕೋಶಗಳು ಒಣಗಿದ್ರೆ ಒಂದು ಗಂಟೆಯೊಳಗೆ ಸತ್ತುಹೋಗ್ತವೆ. ದೇವನಹಳ್ಳಿ ರಸ್ತೆಯ ಭಾನುವಾರ ಸಂಜೆಯ ಟ್ರಾಫಿಕ್‌ನಲ್ಲಿ ಒಂದು ಗಂಟೆ ಅಂದ್ರೆ ಏನು ಅಂತ ನಿಮಗೆ ಗೊತ್ತು. ಲಾಯದಲ್ಲಿ ಟೀ ಮಾಡೋ ಜಾಗ ಎಲ್ಲಿ, ಅಲ್ಲಿ ನಂದಿನಿ ಪ್ಯಾಕೆಟ್ ಇರುತ್ತಾ, ಭಾನುವಾರ ತೆರೆದಿರೋ ಹಲ್ಲಿನ ಕ್ಲಿನಿಕ್ ಯಾವುದು ಅನ್ನೋ ಮೂರು ವಿಷಯ ಮುಂಚೆಯೇ ತಿಳ್ಕೊಂಡಿರಿ. ಮಣ್ಣು ತಾಗಿದ ಗಾಯ ಅಂದ್ರೆ ಟಿಟನಸ್ ಇಂಜೆಕ್ಷನ್ ವಿಚಾರವೂ ಕೇಳಿ.

ಏನೂ ಆಗಿಲ್ಲ ಅನ್ನಿಸಿದ್ರೂ ಗಟ್ಟಿ ಏಟು ಬಿದ್ದಿದ್ರೆ ಒಂದೆರಡು ದಿನದಲ್ಲಿ ತೋರಿಸಿ. ಹಲ್ಲಿನ ಬಣ್ಣ ವಾರಗಳ ನಂತರವೂ ಬೂದಾಗಬಹುದು. ಪೆಟ್ಟಾದ ಹಲ್ಲನ್ನ ಕೆಲವು ತಿಂಗಳು ಜರುಗಿಸದೆ ಬಿಡೋದನ್ನ ಡಾಕ್ಟರು ನಿರ್ಧರಿಸಬೇಕಾಗುತ್ತೆ.

ಯಲಹಂಕದ ಆ ತಾಯಿಗೆ ನಾನು ಹೇಳಿದ್ದು: ನಿಲ್ಲಿಸಬೇಡಿ. ಕ್ಲಿಪ್ ಹಾಕಿದ ಮೊದಲ ವಾರ, ಆಮೇಲೆ ಪ್ರತಿ ಸಲ ಬಿಗಿ ಮಾಡಿಸಿದ ಎರಡು ಮೂರು ದಿನ ಸವಾರಿ ಬೇಡ. ಗಾರ್ಡ್ ಅಭ್ಯಾಸ ಆಗೋವರೆಗೆ ನಡಿಗೆ ಮಾತ್ರ, ಹಾರೋದು ಬೇಡ. ತಲೆ ಒದರೋ ಅಭ್ಯಾಸ ಇರೋ ಕುದುರೆ ಬದಲು ಸಾಧು ಕುದುರೆ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ. ಹಲ್ಲಿನ ಬೇರು ಸವೆದಿದೆ, ಹಲ್ಲು ತುಂಬಾ ಅಲ್ಲಾಡ್ತಿದೆ ಅಂತ ಡಾಕ್ಟರು ಹೇಳಿದ್ರೆ ಆಗ ನಿಲ್ಲಿಸೋ ಮಾತು, ಅಜ್ಜಿ ಹೇಳಿದ್ದಕ್ಕಲ್ಲ. ಅಜ್ಜಿಗೆ ಗಾರ್ಡ್ ತೋರಿಸಿ, ಕೈಯಲ್ಲಿ ಹಿಡಿದು ನೋಡಲಿ. ನಮ್ಮಮ್ಮ ಹಾಗೇ ಸಮಾಧಾನ ಆಗಿದ್ದು.

ಅವರೇ ಕೊನೆಗೆ ಕೇಳಿದ ಇನ್ನೊಂದು ಪ್ರಶ್ನೆ, ಗಾರ್ಡ್ ತೊಳೆಯೋದು ಹೇಗೆ ಅಂತ. ತಣ್ಣೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಷ್ ಸಾಕು. ಬಿಸಿನೀರು ಬೇಡ, ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಬೇಡ, ಡಾಕ್ಟರು ಮಾಡಿಕೊಟ್ಟದ್ದು ಅಲ್ಲೇ ಸೊಟ್ಟಗಾಗುತ್ತೆ. ತೂತಿರೋ ಡಬ್ಬಿಯಲ್ಲಿ ಒಣಗಿಸಿಡಿ. ಡಬ್ಬಿ ಮೇಲೆ ಹೆಸರು ಬರೀರಿ, ಕ್ಲಾಸ್‌ನಲ್ಲಿ ಇನ್ನೂ ನಾಲ್ಕು ಮಕ್ಕಳು ಶುರು ಮಾಡಿದ್ರೆ ಎಲ್ಲಾ ಡಬ್ಬಿಯೂ ಒಂದೇ ಥರ ಇರುತ್ತೆ. ಮುಂದಿನ ಶನಿವಾರ ಸಿಗೋಣ.